ಹದಿನೈದನೆಯವರು

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದನ್ನು ಎತ್ತಿಕೊಂಡು ಬಂದು ಹೇಳುತ್ತಿಲ್ಲ. ಅಕ್ಕ ಎದುರಿಗೆ ಕೂತು ಮೂರು ಸಲ ಹೇಳಿದ್ದಾಳೆ. ಮೂರು ಸಲವೂ ಒಂದಕ್ಷರ ಆಚೀಚೆ ಆಗಿಲ್ಲ. ನಗುವವರು ಈಗಲೇ ನಕ್ಕು ಮುಗಿಸಿ... ಆಮೇಲೆ ನಗು ಬರುವುದಿಲ್ಲ.

ಹೊತ್ತು ಮುಳುಗಿ ಅರ್ಧ ಗಂಟೆಯಾಗಿತ್ತು. ಕುರುಚಲು ಕಾಡಿನ ಕಾಲುದಾರಿ. ಒಬ್ಬರ ಹಿಂದೆ ಒಬ್ಬರು ಹದಿನಾಲ್ಕು ಜನ ಬರುತ್ತಿದ್ದರು. ಮುಂದೆ ಅಕ್ಕ, ಕೈಯಲ್ಲಿ ಟಾರ್ಚು, ಹೆಗಲಲ್ಲಿ ಹಾಜರಿ ಪುಸ್ತಕದ ಚೀಲ. ಹಿಂದಿನವರ ಹೆಗಲ ಮೇಲೆ ಗುದ್ದಲಿ, ಹಾರೆ, ಕುಡುಗೋಲು. ಎಲ್ಲರಿಗೂ ಸುಸ್ತು. ಮಾತು ನಿಂತುಹೋಗಿತ್ತು. ಒಣಗಿದ ಎಲೆಯ ಮೇಲೆ ಹೆಜ್ಜೆ ಮಾತ್ರ... ಚರ್... ಚರ್... ಚರ್...

ದಾರಿಯಲ್ಲಿ ಒಂದು ಹಳೇ ಕಲ್ಲುಬಾವಿ ಇದೆ. ಕಟ್ಟೆ ಒಂದು ಕಡೆ ಕುಸಿದಿದೆ. ನೀರು ತಳ ಸೇರಿದೆ. ಹತ್ತಿರ ಹೋದರೆ ಒಳಗಿನ ಗೋಡೆಯಿಂದ ಹನಿ ಬೀಳುವುದು ಕೇಳುತ್ತದೆ. ತೊಟ್... ಆಮೇಲೆ ಬಹಳ ಹೊತ್ತು ಏನಿಲ್ಲ... ತೊಟ್.

ಬಾವಿ ದಾಟುವ ಮೊದಲು ಎಲ್ಲರೂ ಎಣಿಕೆ ಹೇಳಬೇಕು. ಇದು ಅಕ್ಕ ಮಾಡಿದ ಕಟ್ಟಳೆ, ಮಾಡಿ ಮೂರು ವಾರವಾಗಿತ್ತು. ಅವಳು ನಿಂತು ತಾನೇ "ಒಂದು" ಅಂದಳು. ಹಿಂದಿನವರು ಎರಡು ಅಂದರು. ಮೂರು... ನಾಲ್ಕು... ಕತ್ತಲಲ್ಲಿ ಲೆಕ್ಕ ಹಿಂದಹಿಂದಕ್ಕೆ ಹೋಯಿತು. ಏಳು ಅನ್ನಬೇಕಾದ ಬ್ಯಾಂಕಿನವನು ಆಕಳಿಸಿದ, ಎಲ್ಲರೂ ಬೈದರು. ಸಾಲಿನ ಕೊನೆಯಲ್ಲಿದ್ದದ್ದು ಟೈಲರಮ್ಮ. ಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು, ಭಾನುವಾರ ತಪ್ಪದೆ ಬರುವವಳು. ಅವಳು "ಹದಿನಾಲ್ಕು" ಅಂದಳು.

ಅಕ್ಕ ಹೆಜ್ಜೆ ಎತ್ತಿದಳು.

"ಹದಿನೈದು."

ಗಂಡಸಿನ ದನಿ. ಜೋರಿಲ್ಲ. ಸ್ವಲ್ಪ ಕಫ ಕಟ್ಟಿದಂತಿತ್ತು, ಅಷ್ಟೇ.

ಒಂದಿಬ್ಬರು ನಕ್ಕರು. ಬ್ಯಾಂಕಿನವನದೇ ಕಿತಾಪತಿ ಅಂದುಕೊಂಡರು. ಟೈಲರಮ್ಮ ನಗಲಿಲ್ಲ. ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು ಅಕ್ಕನ ರಟ್ಟೆ ಹಿಡಿದುಕೊಂಡಳು. ನನ್ನ ಹಿಂದೆ ಯಾರೂ ಇರಲಿಲ್ಲ ಅಂತ ಪಿಸುಗುಟ್ಟಿದಳು. ಅಕ್ಕ ಟಾರ್ಚನ್ನು ಹಿಂದಕ್ಕೆ ಬಿಟ್ಟಳು. ದಾರಿ ಖಾಲಿ. ಆಗ ದೂರದಲ್ಲಿ, ಹಳ್ಳದ ಕಡೆಯಿಂದ...

ಠಣ್.

ಕಲ್ಲಿನ ಮೇಲೆ ಹಾರೆ ಬಿದ್ದ ಸದ್ದು. ಒಂದೇ ಸಲ.

ಉಳಿದವರು ಹೆದರಿದ್ದು ಅದು ಯಾರ ದನಿಯೋ ಗೊತ್ತಿಲ್ಲದೆ. ಅಕ್ಕ ಹೆದರಿದ್ದು ಯಾರದು ಅಂತ ಗೊತ್ತಿದ್ದರಿಂದ.

ಸ್ವಲ್ಪ ಹಿಂದಿನದು ಹೇಳಬೇಕು, ಇಲ್ಲದಿದ್ದರೆ ತಲೆಬುಡ ತಿಳಿಯುವುದಿಲ್ಲ.

ಅಕ್ಕ ಕೆಲಸ ಮಾಡುತ್ತಿದ್ದದ್ದು ನೆಲ ಕಾಯುವ ಒಂದು ಸಂಸ್ಥೆಯಲ್ಲಿ. ಮುನ್ನೂರು ಎಕರೆ ಕುರುಚಲು ಕಾಡು, ನಡುವೆ ಒಂದು ಹಳ್ಳ. ಯಾರೋ ಒಬ್ಬ ಅಜ್ಜಿ ಸಾಯುವ ಮುಂಚೆ ಸಂಸ್ಥೆಗೆ ಬರೆದುಕೊಟ್ಟಿದ್ದಳು. ಮಾರಬಾರದು, ಕಟ್ಟಡ ಏಳಬಾರದು, ನೆಲ ಹೇಗಿದೆಯೋ ಹಾಗೇ ಇರಬೇಕು ಅಂತ. ಹಾಗೇ ಇರುವುದಕ್ಕೆ ಎಷ್ಟು ಕೆಲಸ ಬೀಳುತ್ತದೆ ಅನ್ನುವುದು ಆ ಪುಣ್ಯಾತ್ಗಿತ್ತಿಗೆ ಗೊತ್ತಿರಲಿಲ್ಲ. ಲಂಟಾನದ ಮುಳ್ಳುಪೊದೆ ಕಿತ್ತಷ್ಟೂ ಬರುತ್ತದೆ. ಬೇಸಿಗೆಯಲ್ಲಿ ಬೆಂಕಿ ಹರಡದಂತೆ ಉದ್ದಕ್ಕೂ ಹುಲ್ಲು ಕೆತ್ತಿ ಪಟ್ಟಿ ಬರಿದು ಮಾಡಬೇಕು. ಮಣ್ಣು ಕೊಚ್ಚಿಹೋಗದಂತೆ ಕೊರಕಲಿಗೆ ಕಲ್ಲು ಜೋಡಿಸಬೇಕು. ತಿಂಗಳಿಗೊಮ್ಮೆ ಗಡಿ ಸುತ್ತಿ ಯಾರಾದರೂ ಬೇಲಿ ಒಳಗೆ ತಳ್ಳಿದ್ದಾರಾ ನೋಡಬೇಕು. ಇಷ್ಟಕ್ಕೂ ಸಂಬಳದವರು ಮೂರೇ ಜನ, ಮ್ಯಾನೇಜರು, ಅಕ್ಕ, ಒಬ್ಬ ಕಾವಲುಗಾರ. ಮಿಕ್ಕವರೆಲ್ಲ ಭಾನುವಾರ ಪಟ್ಟಣದಿಂದ ಸ್ವಂತ ಖುಷಿಗೆ ಬರುವ ಸ್ವಯಂಸೇವಕರು. ಅವರನ್ನು ಕರೆದು, ಕೈಗೆ ಹತಾರ ಕೊಟ್ಟು, ಜಗಳ ಬಿಡಿಸಿ, ಸಂಜೆ ಎಲ್ಲರನ್ನೂ ಕೈಕಾಲು ನೆಟ್ಟಗೆ ವಾಪಸ್ ಕಳಿಸುವುದು ಅಕ್ಕನ ಕೆಲಸ. ಯಾವಾಗಲೂ ಪುಸ್ತಕ ಹಿಡಿದೇ ಇರುತ್ತಾಳೆ ಅಂತ ಎಲ್ಲರೂ ಅವಳಿಗೆ 'ಹಾಜರಿ' ಅಂತ ಹೆಸರಿಟ್ಟಿದ್ದರು.

ಆ ಸ್ವಯಂಸೇವಕರಲ್ಲಿ ಒಬ್ಬರು ಕಂಡಕ್ಟರ್ ಮಾಮ. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತೇ ದುಡಿದು ನಿವೃತ್ತರಾದವರು. ಹೆಂಡತಿ ಇಲ್ಲ. ಸೈಕಲ್ ಅಂಗಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಕೊರಕಲಿಗೆ ಕಲ್ಲು ಕೂರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸಂಜೆ ವಾಪಸ್ ಬರುವಾಗ ಸಾಲಿನ ಕೊನೆಗೇ ನಿಲ್ಲುವರು. ಕೊನೆಯವನು ಹತ್ತದೆ ಬಸ್ಸು ಬಿಡಬಾರದು ಅಂತ ನಗುವರು. ರಜಾ ದಿನ ಗಂಟೆ ಸದ್ದು ಬೇಡ ಅಂತ ಫೋನನ್ನು ಕೋಣೆಯಲ್ಲೇ ಬಿಟ್ಟು ಬರುವರು.

ಪುಸ್ತಕದಲ್ಲಿ ಎರಡು ಕಲಂ. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು. ಬರುವಾಗ ಎಲ್ಲರೂ ಬರೆಯುತ್ತಾರೆ. ಹೋಗುವಾಗ ಸುಸ್ತಿನಲ್ಲಿ ಮರೆಯುತ್ತಾರೆ. ಕಲಂ ಖಾಲಿ ಇದ್ದರೆ ಸಂಸ್ಥೆಯ ದೊಡ್ಡ ಆಫೀಸಿನವರು ಹಾಳೆ ವಾಪಸ್ ಕಳಿಸಿ ತಲೆ ತಿನ್ನುತ್ತಾರೆ. ಅದಕ್ಕೆ ಅಕ್ಕ ವಾರವಾರವೂ ಮರೆತ ಎರಡು ಮೂರು ಜನರದ್ದು ತಾನೇ ತುಂಬಿಬಿಡುವಳು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಯಾರಿಗೂ ಅದು ಸುಳ್ಳು ಅನ್ನಿಸಿರಲಿಲ್ಲ.

ಚಳಿಗಾಲದ ಒಂದು ಭಾನುವಾರ. ಐದು ಗಂಟೆಗೆ ಕೆಲಸ ನಿಂತಿತು. ಜನ ಚೆಲ್ಲಾಪಿಲ್ಲಿಯಾಗಿ ಗೇಟಿಗೆ ಬಂದು, ಹತಾರ ಒರಗಿಸಿ, ಹೊರಟುಹೋದರು. ಅಕ್ಕ ಹತಾರಗಳನ್ನು ಕೋಣೆಯ ಗೋಡೆಗೆ ತೂಗುಹಾಕಿದಳು. ಆ ಗೋಡೆಯ ಮೇಲೆ ಒಂದೊಂದು ಹತಾರದ ಆಕಾರವನ್ನೂ ಇದ್ದಿಲಿನಲ್ಲಿ ಬರೆದಿದ್ದಾರೆ, ಯಾವುದು ಬಂದಿಲ್ಲ ಅಂತ ತಕ್ಷಣ ಗೊತ್ತಾಗಲಿ ಅಂತ. ಅವತ್ತು ಒಂದು ಹಾರೆಯ ಆಕಾರ ಖಾಲಿ ಇತ್ತು. ಅಕ್ಕ ನೋಡಿದಳು. ಯಾರೋ ಹುಲ್ಲಿನಲ್ಲಿ ಬಿಟ್ಟಿದ್ದಾರೆ, ಮುಂದಿನ ವಾರ ಸಿಗುತ್ತದೆ ಅಂದುಕೊಂಡಳು. ಪುಸ್ತಕ ತೆಗೆದಳು. ಕಂಡಕ್ಟರ್ ಮಾಮನ ಮುಂದೆ ಹೊರಗೆ ಹೋದ ಹೊತ್ತು ಇರಲಿಲ್ಲ. ಐದು ಹತ್ತು ಅಂತ ಬರೆದಳು. ಬೀಗ ಹಾಕಿದಳು.

ಮನೆಯಲ್ಲಿ ಜ್ವರದ ಮಗು ಕಾಯುತ್ತಿತ್ತು ಅಂದರೆ ಕೇಳುವವರಿಗೆ ಸಮಾಧಾನ. ಹಾಗೇನೂ ಇರಲಿಲ್ಲ. ಐದೂವರೆಯ ಬಸ್ಸು ತಪ್ಪಿದರೆ ಇನ್ನೆರಡು ಗಂಟೆ ಕಾಯಬೇಕಿತ್ತು. ಅಷ್ಟೇ.

ಸೋಮವಾರ ಮಧ್ಯಾಹ್ನ ಸೈಕಲ್ ಅಂಗಡಿಯವನು ಫೋನು ಮಾಡಿ ಮಾಮ ರಾತ್ರಿ ಕೋಣೆಗೆ ಬಂದಿಲ್ಲ ಅಂದ. ಅಕ್ಕನಿಗೆ ಗೋಡೆಯ ಮೇಲಿನ ಆ ಖಾಲಿ ಆಕಾರ ನೆನಪಾಯಿತು. ಆದರೆ ಅವಳು ಬಾಯಿ ಬಿಡುವ ಮೊದಲೇ ಮ್ಯಾನೇಜರು ಪುಸ್ತಕ ತೆರೆದು ನೋಡಿಯಾಗಿತ್ತು. ಐದು ಹತ್ತಕ್ಕೆ ಹೊರಗೆ ಹೋಗಿದ್ದಾರೆ. ಅಲ್ಲಿಗೆ ಮುಗಿಯಿತು. ಬಸ್ ಸ್ಟ್ಯಾಂಡು, ಆಸ್ಪತ್ರೆ, ರಸ್ತೆ ಬದಿ, ಎಲ್ಲ ಕಡೆ ಹುಡುಕಿದರು. ಆ ಮುನ್ನೂರು ಎಕರೆ ಒಂದು ಬಿಟ್ಟು. ಅಕ್ಕ ಆಗಲಾದರೂ ಹೇಳಬಹುದಿತ್ತು. ಸಂಜೆ ತಾನೇ ಒಬ್ಬಳು ಗೇಟಿನವರೆಗೆ ಹೋಗಿ, ಎರಡು ಸಲ ಕೂಗಿ, ಕತ್ತಲಾಯಿತೆಂದು ತಿರುಗಿ ಬಂದಳು.

ಮಂಗಳವಾರ ಬೆಳಿಗ್ಗೆ ಕಾವಲುಗಾರ ಕೊರಕಲಿನಲ್ಲಿ ಅವರನ್ನು ಕಂಡ. ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಸೋಮವಾರ ಸಂಜೆಯವರೆಗೂ ಜೀವ ಇದ್ದಿರಬೇಕು ಅಂದರು ಡಾಕ್ಟರು. ಕೈಗೆಟುಕುವಲ್ಲಿ ಒಂದು ಬಂಡೆ. ಅದರ ಮೇಲೆ ಹಾರೆಯಿಂದ ಬಡಿದ ಬಿಳಿ ಗುರುತುಗಳು. ಯಾರಿಗಾದರೂ ಕೇಳಲಿ ಅಂತ ಬಡಿದದ್ದು. ಕಾವಲುಗಾರ ಎಣಿಸಲು ಹೋಗಿ ಕೈಬಿಟ್ಟನಂತೆ.

ಹೊರಗೆ ಹೋದವರು ಮತ್ತೆ ಯಾಕೆ ಒಳಗೆ ಬಂದರು? ಮರೆತದ್ದು ಏನೋ ತರಲು ಬಂದಿರಬೇಕು, ವಯಸ್ಸಾದವರು ಅಂತ ಸಂಸ್ಥೆಯವರು ಷರಾ ಬರೆದರು. ಅಕ್ಕ ತಲೆ ತಗ್ಗಿಸಿ ಸಹಿ ಹಾಕಿದಳು.

ಮಾಮನಿಗೆ ಒಬ್ಬಳೇ ಮಗಳು. ಮೂರು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ನರ್ಸು. ಮಣ್ಣು ಮಾಡಿದ ಮಾರನೇ ದಿನ ಆಫೀಸಿಗೆ ಬಂದಳು. ಹಳ್ಳದ ಜಾಗ ನೋಡಿ ಬಂದಿದ್ದಳು, ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿತ್ತು. ಪುಸ್ತಕ ತೋರಿಸಿ ಅಂದಳು. ಅಕ್ಕ ತೋರಿಸಿದಳು. ಅವಳು ಐದು ಹತ್ತು ಅನ್ನುವ ಬರಹದ ಮೇಲೆ ಬೆರಳಿಟ್ಟಳು. ಆಮೇಲೆ ಅಕ್ಕನಿಗೆ ಹೇಳಿದಳೋ, ತನಗೇ ಹೇಳಿಕೊಂಡಳೋ... ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಜಗಳವಾಗಿತ್ತಂತೆ. ನನ್ನ ಜೊತೆ ಬಂದು ಇರಿ ಅಂತ ಇವಳು, ಇಲ್ಲೇ ಇರುತ್ತೇನೆ ಅಂತ ಅವರು.

"ಹಾಗಾದ್ರೆ ಆ ಮುಳ್ಳಿನ ಜೊತೆನೇ ಇದ್ದುಬಿಡಿ ಅಂದೆ," ಅಂದಳು. "ಅದಕ್ಕೇ ವಾಪಸ್ ಹೋದ್ರು. ಮನೆಗೆ ಹೋಗೋಕೆ ಮನಸ್ಸು ಬರ್ಲಿಲ್ಲ ಅವರಿಗೆ."

ಅಕ್ಕನ ನಾಲಿಗೆ ತುದಿಗೆ ಬಂದಿತ್ತು. ಬಂದದ್ದು ಹೊರಗೆ ಬೀಳಲಿಲ್ಲ. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರು. ನೌಕರಿ ಹೋಗುತ್ತದೆ, ಪೊಲೀಸು ಬರುತ್ತದೆ, ಊರೆಲ್ಲ ಬಾಯಿಗೆ ಬಂದಂತೆ ಆಡಿಕೊಳ್ಳುತ್ತದೆ... ಇಷ್ಟೆಲ್ಲ ಒಂದು ಉಸಿರಿನಲ್ಲಿ ಲೆಕ್ಕ ಹಾಕಿದ್ದೆ ಅಂತ ಅವಳೇ ಹೇಳಿದಳು. ಆ ಹುಡುಗಿ ಎದ್ದು ಹೋದಳು. ಹೋಗುವಾಗ ಬಾಗಿಲಿಗೆ ಹೆಗಲು ತಾಗಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಎರಡು ತಿಂಗಳು ಅಕ್ಕ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ಅನ್ನ ಸೇರುತ್ತಿರಲಿಲ್ಲ. ಏನಾಯಿತು ಅಂತ ದೊಡ್ಡಮ್ಮ ಕೇಳಿದರೆ ಕೆಲಸ ಜಾಸ್ತಿ ಅನ್ನುವಳು. ಆ ನಡುವೆಯೇ, ನಿಂತಿದ್ದ ಭಾನುವಾರದ ಕೆಲಸ ಮತ್ತೆ ಶುರುವಾದಾಗ ಈ ಎಣಿಕೆಯ ಕಟ್ಟಳೆ ತಂದಳು. ಎಲ್ಲರೂ ಮೆಚ್ಚಿದರು. ಎಷ್ಟು ಜವಾಬ್ದಾರಿಯ ಹೆಣ್ಣು ಅಂದರು. ಅವಳು ತಲೆಯೆತ್ತದೆ ಪುಸ್ತಕದಲ್ಲಿ ಹೆಸರು ಬರೆಯುತ್ತಲೇ ಇದ್ದಳು.

ಈಗ ಗೊತ್ತಾಯಿತಲ್ಲ, ಆ ದನಿ ಯಾರದು ಅಂತ.

ಮುಂದಿನ ಭಾನುವಾರ ಅಕ್ಕನೂ ಸೇರಿ ಹತ್ತೇ ಜನ. ಬಾವಿಯ ಹತ್ತಿರ ಎಣಿಕೆ ಹತ್ತಕ್ಕೆ ನಿಂತಿತು. ತೊಟ್... ಬಾವಿಯಲ್ಲಿ ಹನಿ ಬಿತ್ತು. ಆಮೇಲೆ ಮೆತ್ತಗೆ...

"ಹನ್ನೊಂದು."

ಬ್ಯಾಂಕಿನವನು ಗುದ್ದಲಿ ಅಲ್ಲೇ ಬಿಸಾಕಿ ಓಡಿದ. ಅದರ ಮುಂದಿನ ವಾರ ಬಂದವರು ನಾಲ್ಕು ಜನ. ಮ್ಯಾನೇಜರು ಈ ಎಣಿಕೆಯ ಹುಚ್ಚು ನಿಲ್ಲಿಸು, ಇಲ್ಲದಿದ್ದರೆ ಒಬ್ಬರೂ ಬರುವುದಿಲ್ಲ ಅಂದರು. ಅಕ್ಕ ಆಗಲಿ ಅಂದಳು. ಅವತ್ತು ಕೆಲಸ ಮುಗಿದ ಮೇಲೆ ಆ ನಾಲ್ವರನ್ನೂ ಗೇಟಿನವರೆಗೆ ಬಿಟ್ಟು, ಬಸ್ಸು ಹತ್ತಿಸಿ, ಒಬ್ಬಳೇ ಬಾವಿಗೆ ವಾಪಸ್ ಬಂದಳು.

ಟಾರ್ಚು ಆರಿಸಿದಳು. ಕುಸಿದ ಕಟ್ಟೆಯ ಮೇಲೆ ಕೂತಳು. ಗಾಳಿ ಇರಲಿಲ್ಲ. ತೊಟ್... ಹುಲ್ಲಿನಲ್ಲಿ ಕೀಟಗಳ ಕಿರ್ರ್ ಅನ್ನುವ ಸದ್ದು ಒಂದೇ ಸಮ ಇತ್ತು. ಒಂದು ಗಳಿಗೆಯಲ್ಲಿ ಅದೂ ನಿಂತಿತು. ದಾರಿಯ ಮೇಲೆ ಚರ್... ಚರ್... ಹೆಜ್ಜೆ ಸರಿಸಮ ಇರಲಿಲ್ಲ. ಒಂದು ಕಾಲು ಎಳೆದಂತೆ. ಅವಳ ಬೆನ್ನ ಹಿಂದೆ ಬಂದು ನಿಂತಿತು. ಅವಳು ತಿರುಗಲಿಲ್ಲ. ತಿರುಗಲು ಕತ್ತೇ ಬರಲಿಲ್ಲ ಅಂದಳು.

"ಮಾಮ... ನೀವಾ?"

"ಎಲ್ಲಾರೂ ಹೋದ್ರಾ ಹಾಜರಿ?" ಸಿಟ್ಟಿಲ್ಲದ ದನಿ. ದಣಿದಿತ್ತು.

"ಹೋದ್ರು."

"ಎಲ್ಲಾರ್ನೂ ಬರ್ಕೊಂಡ್ಯಾ?"

ಅಕ್ಕ ಪುಸ್ತಕದ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ನನ್ನ ಹೊರಗೆ ಬರೆದಿದ್ದೀಯಲ್ಲಮ್ಮಾ... ನಾನಿನ್ನೂ ಒಳಗೇ ಇದ್ದೀನಿ."

ತಪ್ಪಾಯಿತು ಮಾಮ, ತಪ್ಪಾಯಿತು ಅಂತ ಅಷ್ಟೇ ಅಕ್ಕನಿಗೆ ಹೇಳಲು ಬಂತು. ಬಾವಿಯಲ್ಲಿ ಒಂದು ಹನಿ ಬಿತ್ತು.

"ನನ್ನ ಮಗಳು ಬಂದಿದ್ಲು," ಅಂದರು ಆಮೇಲೆ. "ಹಳ್ಳದ ದಂಡೆ ಮೇಲೆ ಕೂತು ಅತ್ತಳು. ಕರೆದೆ. ಅವಳಿಗೆ ಕೇಳಿಸ್ಲಿಲ್ಲ. ಅವಳ ಮಾತಿಗೆ ನಾನು ಸಿಟ್ಟಾಗಿದ್ದೆ ಅಂದ್ಕೊಂಡಿದ್ದಾಳೆ... ನನಗೆಲ್ಲಿ ಸಿಟ್ಟು? ಒಂದು ಕಲ್ಲು ಸರಿಯಾಗಿ ಕೂತಿರ್ಲಿಲ್ಲ. ಅದಕ್ಕೆ ಹಿಂದೆ ಉಳಿದೆ. ಅಷ್ಟು ಹೇಳು ಅವಳಿಗೆ."

ಚರ್... ಚರ್... ದೂರವಾಯಿತು. ಕೀಟಗಳ ಸದ್ದು ಮತ್ತೆ ಶುರುವಾಯಿತು. ಅಕ್ಕ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹೆದರಿಕೆಗಲ್ಲ, ಅವರು ಒಂದು ಮಾತೂ ಬೈಯಲಿಲ್ಲವಲ್ಲ ಅಂತ.

ಮಾರನೇ ಬೆಳಿಗ್ಗೆ ಪುಸ್ತಕ ತೆರೆದು ಐದು ಹತ್ತನ್ನು ಹೊಡೆದುಹಾಕಿದಳು. ಪಕ್ಕದಲ್ಲಿ 'ಇದನ್ನು ಬರೆದದ್ದು ನಾನು, ಅವರು ಹೊರಗೆ ಹೋಗಿರಲಿಲ್ಲ' ಅಂತ ಬರೆದು ಸಹಿ ಮಾಡಿ ಮ್ಯಾನೇಜರ ಮೇಜಿನ ಮೇಲಿಟ್ಟಳು. ಅಲ್ಲಿಂದ ನೇರ ಬಸ್ಸು ಹತ್ತಿ ಆ ಊರಿಗೆ ಹೋದಳು. ಮಗಳು ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಬಕೆಟ್ಟಿಗೆ ನಲ್ಲಿ ಬಿಟ್ಟಿದ್ದಳು. ಅಕ್ಕ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು, ಗೋಡೆಯ ಮೇಲಿನ ಖಾಲಿ ಆಕಾರದಿಂದ ಹಿಡಿದು. ಬಾವಿಯ ಹತ್ತಿರ ಕೇಳಿದ್ದನ್ನೂ ಹೇಳಿದಳು, ನಂಬಿದರೆ ನಂಬಲಿ ಅಂತ. ಬಕೆಟ್ಟು ತುಂಬಿ ನೀರು ನೆಲಕ್ಕೆ ಹರಿಯಿತು. ಮಗಳು ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದಳು.

"ಎರಡು ತಿಂಗಳು ನಾನೇ ಕೊಂದೆ ಅಂದ್ಕೊಂಡಿದ್ದೆ," ಅಂದಳು. "ನಿಮಗೆ ಗೊತ್ತಿತ್ತು. ಸುಮ್ನಿದ್ರಿ."

ಅಕ್ಕ ಹೌದು ಅಂದಳು.

"ಹೋಗಿ."

ಅಕ್ಕ ಬಂದಳು. ಕ್ಷಮಿಸಿದಳಾ ಅಂತ ಕೇಳಬೇಡಿ. ಇಲ್ಲ. ಇವತ್ತಿನವರೆಗೂ ಇಲ್ಲ. ಸಂಸ್ಥೆಯವರು ಅಕ್ಕನನ್ನು ಕೆಲಸದಿಂದ ತೆಗೆದರು. ಬರುವ ಭಾನುವಾರ ಒಂದು ದಿನ ಬಂದು ಬೀಗದ ಕೈ, ಪುಸ್ತಕ ಎಲ್ಲ ಒಪ್ಪಿಸಿ ಹೋಗು ಅಂದರು. ಪೊಲೀಸರು ಎರಡು ಸಲ ಕರೆಸಿ ಹೇಳಿಕೆ ಬರೆಸಿಕೊಂಡರು. ಅವಳು ಒಂದಕ್ಕೂ ಅಡ್ಡ ಹೇಳಲಿಲ್ಲ.

ಆ ಕೊನೇ ಭಾನುವಾರ ಮಧ್ಯಾಹ್ನ ಮಗಳು ಬಂದಳು. ಯಾರಿಗೂ ಹೇಳಿರಲಿಲ್ಲ. ಅಕ್ಕನ ಕಡೆ ನೋಡಲಿಲ್ಲ. ಟೈಲರಮ್ಮನನ್ನು ಕೇಳಿಕೊಂಡು ಕೊರಕಲಿಗೆ ಹೋದಳು. ಅಪ್ಪ ಜೋಡಿಸಿದ ಕಲ್ಲುಗಳ ಪಕ್ಕ ಸಂಜೆಯವರೆಗೆ ಕೂತಿದ್ದಳು. ಒಂದು ಕಲ್ಲು ಅಲುಗಾಡುತ್ತಿತ್ತಂತೆ. ಅದನ್ನು ತಿರುಗಿಸಿ ತಿರುಗಿಸಿ, ಕೊನೆಗೂ ಕೂರಿಸಿದಳಂತೆ. ಟೈಲರಮ್ಮ ದೂರದಿಂದ ನೋಡಿದಳು. ನೆರವಿಗೆ ಹೋಗಬೇಕು ಅನ್ನಿಸಿದರೂ ಹೋಗಲಿಲ್ಲ, ಯಾಕೋ ಅಲ್ಲಿ ಆಗಲೇ ಸಾಕಷ್ಟು ಕೈಗಳಿವೆ ಅನ್ನಿಸಿತು ಅಂತ ಆಮೇಲೆ ಹೇಳಿದಳು.

ಕತ್ತಲಾದ ಮೇಲೆ ಹೊರಟರು. ಐದಾರು ಜನ. ಅಕ್ಕ ಮುಂದೆ, ಮಗಳು ಎಲ್ಲರಿಗಿಂತ ಹಿಂದೆ. ಬಾವಿ ಬಂತು. ಅಕ್ಕ ನಿಲ್ಲಿಸಲಿಲ್ಲ, ಎಣಿಸಲೂ ಇಲ್ಲ. ಹಿಂದಿನಿಂದ ಮಗಳ ದನಿ ಸಣ್ಣಗೆ ಕೇಳುತ್ತಿತ್ತು. ಮಾತು ಅರ್ಥವಾಗುವಷ್ಟು ಅಲ್ಲ. ಮನೆಯವರ ಜೊತೆ ನಡೆಯುತ್ತ ಆಡುವ ಮಾತಿನಷ್ಟೇ. ಒಂದು ಸಲ ಇಲ್ಲಿ ಹುಷಾರು, ಕಲ್ಲಿದೆ ಅಂದದ್ದು ಮಾತ್ರ ಸ್ಪಷ್ಟ ಕೇಳಿತು.

ಗೇಟು ದಾಟಿ ರಸ್ತೆಗೆ ಬರುವ ಹೊತ್ತಿಗೆ ಏಳೂವರೆಯ ಬಸ್ಸು ಬಂತು. ಭಾನುವಾರದ ರಶ್ಶು. ಮಗಳಿಗೆ ಇಬ್ಬರ ಸೀಟಿನಲ್ಲಿ ಜಾಗ ಸಿಕ್ಕಿತು. ಅವಳು ಓಡಾಡುವ ದಾರಿಯ ಕಡೆಗೇ ಕೂತಳು, ಕಿಟಕಿ ಪಕ್ಕದ ಜಾಗ ಖಾಲಿ ಬಿಟ್ಟಳು. ಅಕ್ಕ ಮೂರು ಸೀಟು ಹಿಂದೆ ಕಂಬಿ ಹಿಡಿದು ನಿಂತಿದ್ದಳು. ಊರೂರಿಗೂ ಜನ ಹತ್ತಿದರು. ಬಾಗಿಲಲ್ಲಿ ಜೋತುಬಿದ್ದರು. ಮಗು ಎತ್ತಿಕೊಂಡ ಹೆಂಗಸು ನಿಂತಳು. ಮಂಡಿ ನೋವಿನ ಮುದುಕ ನಿಂತ. ಆ ಕಿಟಕಿ ಪಕ್ಕದ ಸೀಟು ಕೇಳಿದವರು ಒಬ್ಬರೂ ಇಲ್ಲ. ಒಂದೂವರೆ ಗಂಟೆ ಹಾಗೇ ಹೋಯಿತು. ಅಕ್ಕ ತನ್ನ ಊರಿನಲ್ಲಿ ಇಳಿದಾಗಲೂ ಹಾಗೇ ಇತ್ತು.

ಆಮೇಲೆ ಆ ಮುನ್ನೂರು ಎಕರೆಯಲ್ಲಿ ಯಾರಿಗೂ ಏನೂ ಕೇಳಿಸಿಲ್ಲ. ಈಗಲೂ ಭಾನುವಾರ ಜನ ಹೋಗುತ್ತಾರೆ. ಬೇಕಾದರೆ ಹೋಗಿ ಕೇಳಿ.

ಅಕ್ಕನಿಗೆ ಮನಸ್ಸು ಸರಿ ಇರಲಿಲ್ಲ, ಏನೇನೋ ಕಂಡಿರಬೇಕು ಅನ್ನುತ್ತೀರಿ. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಅವತ್ತು ಅದೇ ಬಸ್ಸಿನಲ್ಲಿ ನಿಂತು ಬಂದ ಹಾಲಿನ ಡೈರಿಯವನನ್ನು ಹುಡುಕಿ ಕೇಳಿದೆ. ಅವನಿಗೆ ಅಕ್ಕನೂ ಗೊತ್ತಿಲ್ಲ, ಮಾಮನೂ ಗೊತ್ತಿಲ್ಲ. ಆ ನರ್ಸಮ್ಮನ ಪಕ್ಕದ ಸೀಟು ಖಾಲಿ ಇತ್ತಲ್ಲ, ಯಾಕೆ ಕೂರಲಿಲ್ಲ ಅಂದೆ.

ಅವನು ನನ್ನ ಮುಖವನ್ನೇ ನೋಡಿದ.

"ಖಾಲಿ ಎಲ್ಲಿತ್ತು ಸ್ವಾಮಿ?" ಅಂದ. "ಅವರಪ್ಪ ಇರ್ಬೇಕು, ಕೂತಿದ್ರಲ್ಲ... ಮಗಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡ್ತಿದ್ರು."